ಅಯೋಡಿನ್ ಕೊರತೆ, ಥೈರಾಯ್ಡ್ ಹಾರ್ಮೋನು ಮತ್ತು ಗಳಗಂಡ

ಚಿಕ್ಕಮಗಳೂರು ಜಿಲ್ಲೆಯನ್ನು ರಾಜ್ಯದ ಗಳಗಂಡ ಪೀಡಿತ ಜಿಲ್ಲೆಗಳಲ್ಲೊಂದೆಂದು ಗುರುತಿಸಲಾಗಿದೆ. ಮೂಡಿಗೆರೆ, ಕಳಸದಂತಹ ಮಲೆನಾಡು ಪ್ರದೇಶಗಳಲ್ಲಿ ಭಾರಿ ಮಳೆಯಿಂದ ಮಣ್ಣಿನ ಅಯೋಡಿನ್ ಕೊಚ್ಚಿಹೋಗುವ ಸಂಭವವಿರುತ್ತದೆ.

ಹಾರ್ಮೋನಿನ ಕಾರ್ಯ: ಥೈರಾಯ್ಡ್ ಗ್ರಂಥಿಯು ಅಯೋಡಿನ್ ಬಳಸಿ ಹಾರ್ಮೋನನ್ನು ತಯಾರಿಸುತ್ತದೆ. ಇದು ರಕ್ತದ ಮೂಲಕ ಜೀವಕೋಶಗಳನ್ನು ಸೇರಿ, ಕೋಶಕೇಂದ್ರದಲ್ಲಿನ ಗ್ರಾಹಕಕ್ಕೆ ಅಂಟಿಕೊಂಡು, ವಂಶವಾಹಿಗಳ ಕಾರ್ಯವನ್ನು ನಿಯಂತ್ರಿಸುತ್ತದೆ.

ಕೊರತೆಯ ಪರಿಣಾಮ: ಹಾರ್ಮೋನು ಕಡಿಮೆಯಾದಾಗ ಪಿಟ್ಯುಟರಿ ಗ್ರಂಥಿಯು ಪ್ರಚೋದಕ ಹಾರ್ಮೋನನ್ನು ಹೆಚ್ಚಾಗಿ ಸ್ರವಿಸುತ್ತದೆ. ಇದು ಥೈರಾಯ್ಡ್ ಕೋಶಗಳ ಹೊರಪೊರೆಯ ಗ್ರಾಹಕಗಳ ಮೇಲೆ ವರ್ತಿಸುವುದರಿಂದ ಗ್ರಂಥಿಯು ಊದಿಕೊಳ್ಳುತ್ತದೆ; ಇದೇ ಗಳಗಂಡ. ಗರ್ಭಿಣಿಯರಲ್ಲಿ ತೀವ್ರ ಕೊರತೆಯುಂಟಾದಲ್ಲಿ ಶಿಶುವಿನ ಮೆದುಳಿಗೆ ಶಾಶ್ವತ ಹಾನಿಯಾಗಬಹುದು.

ಸಾರ್ವಜನಿಕರ ಗಮನಕ್ಕೆ: ಮಾರಾಟವಾಗುವ ಅಯೋಡಿನ್‌ಯುಕ್ತ ಉಪ್ಪಿನ ಪ್ರತಿ ಕೆ.ಜಿ.ಯಲ್ಲಿ ಕನಿಷ್ಠ 15 ಮಿ.ಗ್ರಾಂ. ಅಯೋಡಿನ್ ಇರತಕ್ಕದ್ದು. ಉಪ್ಪನ್ನು ತೇವ ತಾಗದಂತೆ ಮುಚ್ಚಳವಿರುವ ಡಬ್ಬಿಯಲ್ಲಿಡುವುದು. ಕತ್ತಿನಲ್ಲಿ ಊತ ಕಂಡುಬಂದಲ್ಲಿ ಸಮೀಪದ ಪ್ರಾಥಮಿಕ ಆರೋಗ್ಯ ಕೇಂದ್ರವನ್ನು ಸಂಪರ್ಕಿಸುವುದು.