ಮಗು ಕುಂಟುತ್ತಿದೆಯೇ? ಉಳುಕೆಂದು ತಿಕ್ಕಬೇಡಿ

ಓಡಾಡುತ್ತಿದ್ದ ಮಗು ಕುಂಟತೊಡಗಿದರೆ ಉಳುಕಿರಬೇಕೆಂದು ಎಣ್ಣೆ ಹಚ್ಚಿ ತಿಕ್ಕುವುದು ನಮ್ಮಲ್ಲಿ ರೂಢಿ. ಆದರೆ ಅದು ಮೂಳೆಯ ಸೋಂಕೂ ಆಗಿರಬಹುದು. ಅದರಲ್ಲಿ ಎರಡು ಬಗೆಗಳನ್ನು ಹೆತ್ತವರು ತಿಳಿದಿರಬೇಕು.

ಮೊದಲನೆಯದು ಬ್ಯಾಕ್ಟೀರಿಯಾ, ಹೆಚ್ಚಾಗಿ ಸ್ಟೆಫೈಲೊಕಾಕಸ್, ತರುವ ಸೋಂಕು. ಸಾಮಾನ್ಯವಾಗಿ ಕೆಲವೇ ದಿನಗಳಲ್ಲಿ ಜ್ವರ ಏರುತ್ತದೆ. ನೋವಿನಿಂದ ಮಗು ಕೈಕಾಲು ಅಲುಗಾಡಿಸುವುದಿಲ್ಲ, ಮುಟ್ಟಿದರೆ ಚೀರುತ್ತದೆ. ತಡವಾದರೆ ಮೂಳೆಯೇ ಹಾಳಾಗಬಹುದು. ಶಂಕರನಾರಾಯಣದ ಕಡೆಯವರು ಅಂದೇ ಕುಂದಾಪುರಕ್ಕೋ ಮಣಿಪಾಲಕ್ಕೋ ಮಗುವನ್ನು ಕರೆದೊಯ್ಯಬೇಕು.

ಎರಡನೆಯದು ಬಹಳ ಅಪರೂಪ. ಹುಟ್ಟಿದಾಗ ಎಡತೋಳಿಗೆ ಕೊಡುವ ಬಿಸಿಜಿ ಲಸಿಕೆಯಲ್ಲಿ ದುರ್ಬಲಗೊಳಿಸಿದ ಜೀವಂತ ರೋಗಾಣು ಇರುತ್ತದೆ. ಅದು ರಕ್ತದ ಮೂಲಕ ಮೂಳೆ ಸೇರಿದರೆ ತೊಂದರೆ ಕಾಣುವುದು ತಿಂಗಳುಗಳು ಅಥವಾ ಒಂದೆರಡು ವರ್ಷಗಳು ಕಳೆದ ಮೇಲೆ. ಜ್ವರ ಇರುವುದಿಲ್ಲ, ಇದ್ದರೂ ಅಲ್ಪ. ಮಗು ಗೆಲುವಾಗಿಯೇ ಇರುತ್ತದೆ. ಮೊಣಕಾಲು, ಪಾದದ ಗಂಟು ಅಥವಾ ಎದೆಮೂಳೆಯ ಬಳಿ ಊತ ನಿಧಾನವಾಗಿ ಬೆಳೆಯುತ್ತದೆ. ಸಾಮಾನ್ಯ ಆ್ಯಂಟಿಬಯಾಟಿಕ್‌ಗೆ ಅದು ಬಗ್ಗದು.

ಮೂಳೆಯ ಕ್ಷಯವೂ ಹೀಗೆಯೇ ಕಾಣುವುದರಿಂದ ಮೂಳೆಯ ತುಣುಕು ತೆಗೆದು ಪರೀಕ್ಷಿಸಬೇಕಾಗುತ್ತದೆ. ಕ್ಷಯದ ಔಷಧಿಗಳಿಂದಲೇ ಇದೂ ಗುಣವಾಗುತ್ತದೆ. ಆದರೆ ಅವುಗಳಲ್ಲೊಂದಾದ ಪೈರಾಜಿನಮೈಡ್ ಬಿಸಿಜಿ ರೋಗಾಣುವಿಗೆ ನಾಟದು. ಮಗುವಿನ ರೋಗನಿರೋಧಕ ಶಕ್ತಿಯನ್ನೂ ವೈದ್ಯರು ಪರೀಕ್ಷಿಸುತ್ತಾರೆ.

ಆಸ್ಪತ್ರೆಗೆ ಹೋಗುವಾಗ ಲಸಿಕೆಯ ದಿನ ಬರೆದಿರುವ ತಾಯಿ ಕಾರ್ಡ್ ಮರೆಯದಿರಿ. ಈ ಅಪರೂಪದ ತೊಂದರೆಗೆ ಹೆದರಿ ಲಸಿಕೆ ತಪ್ಪಿಸಲೂಬೇಡಿ. ಪುಟ್ಟ ಮಕ್ಕಳನ್ನು ಮಿದುಳಿನ ಕ್ಷಯದಿಂದ ಕಾಯುವುದು ಅದೇ ಬಿಸಿಜಿ.