ನಂಬರ್ ಪ್ಲೇಟ್ ಮೇಲೆ ಏನು ಬರೆಯಬಹುದು?

‘ಅಣ್ಣಾ, 8055 ಅನ್ನೋದು ಬಾಸ್ ಅಂತ ಕಾಣಂಗ ಕೊರದು ಕೊಡು.’ ಮಸ್ಕಿ, ಸಿಂಧನೂರು, ಲಿಂಗಸುಗೂರು ಕಡೆಯ ರೇಡಿಯಂ ಅಂಗಡಿಗಳಿಗೆ ಈ ಬೇಡಿಕೆ ಹೊಸದಲ್ಲ. ಎಂಟನ್ನು ಇಂಗ್ಲಿಷಿನ ಬಿ ಮಾಡಿ, ಸೊನ್ನೆಯನ್ನು ಓ ಮಾಡಿ, ಎರಡು ಐದನ್ನು ಎರಡು ಎಸ್ ಮಾಡಿದರೆ ನಂಬರು ಹೋಗಿ ಹೆಸರು ಬರುತ್ತದೆ. ಕೆಲವರು ನಂಬರಿನ ಮೇಲೆ ಮನೆದೇವರ ಹೆಸರು, ಕೆಳಗೆ ಜಾತಿಯ ಹೆಸರು ಹಾಕಿಸುತ್ತಾರೆ. ಕೆಲವರು ಅಭಿಮಾನದಿಂದ ಪೂರ್ತಿ ಕನ್ನಡದಲ್ಲೇ ಬರೆಸುತ್ತಾರೆ. ಪೊಲೀಸರು ನಿಲ್ಲಿಸಿ ದಂಡ ಹಾಕಿದಾಗ ಎಲ್ಲರ ಪ್ರಶ್ನೆಯೂ ಒಂದೇ: ‘ಗಾಡಿ ನಂದು, ರೊಕ್ಕ ನಂದು, ಪ್ಲೇಟಿನ ಮ್ಯಾಲೆ ಏನರ ಬರಸಿದ್ರ ಸರ್ಕಾರಕ್ಕೇನು?’

ನ್ಯಾಯವಾದ ಪ್ರಶ್ನೆ. ಉತ್ತರ ತಿಳಿಯಬೇಕಾದರೆ ಆ ನಂಬರು ಹುಟ್ಟುವ ಬಗೆ ತಿಳಿಯಬೇಕು.

ನಂಬರು ಕೊಡುವವರು ಯಾರು?

1988ರ ಮೋಟಾರು ವಾಹನ ಕಾಯ್ದೆಯಂತೆ ನೋಂದಣಿ ಸಂಖ್ಯೆ ಕೊಡುವುದು ಆರ್‌ಟಿಒ. ನಮ್ಮ ಗಾಡಿಗಳ ‘ಕೆಎ 36’ ಎಂಬುದರಲ್ಲಿ ಕೆಎ ಎಂದರೆ ಕರ್ನಾಟಕ, 36 ಎಂದರೆ ರಾಯಚೂರು. ಮುಂದೆ ಬರುವುದು ಸರಣಿಯ ಅಕ್ಷರ. ಸಾರಿಗೆ ನಿಗಮದ ಬಸ್ಸಾದರೆ ಎಫ್, ಸರ್ಕಾರಿ ವಾಹನವಾದರೆ ಜಿ. ಒಂದು ಮತ್ತು ಸೊನ್ನೆಯ ಜೊತೆ ಗೊಂದಲವಾಗದಿರಲೆಂದು ಐ ಮತ್ತು ಓ ಅಕ್ಷರಗಳನ್ನು ಸರಣಿಯಲ್ಲಿ ಬಳಸುವುದಿಲ್ಲ. ಕೊನೆಯ ನಾಲ್ಕು ಅಂಕಿಗಳಲ್ಲಿ ಮಾತ್ರ ಮಾಲೀಕನಿಗೆ ಆಯ್ಕೆ ಉಂಟು. ಹೆಚ್ಚುವರಿ ಹಣ ಕಟ್ಟಿಯೋ ಹರಾಜಿನಲ್ಲಿ ಕೂಗಿಯೋ ಫ್ಯಾನ್ಸಿ ನಂಬರು ಪಡೆಯಬಹುದು. ಪದವನ್ನು ಆರಿಸಿಕೊಳ್ಳುವ ಅವಕಾಶ ನಮ್ಮಲ್ಲಿಲ್ಲ.

ಅಮೆರಿಕದಲ್ಲಿ ಇದೆ. ಹಣ ಕಟ್ಟಿದರೆ ಬೇಕಾದ ಪದವನ್ನೇ ಪ್ಲೇಟಿಗೆ ಕೇಳಬಹುದು. ಹಾಗಾಗಿ ಯಾವ ಪದ ಅಸಭ್ಯ, ಅದನ್ನು ನಿರ್ಧರಿಸುವವರು ಯಾರು ಎಂಬ ಜಗಳವೂ ಅಲ್ಲಿ ಕೋರ್ಟಿನವರೆಗೆ ಹೋಗುತ್ತದೆ. ಗುಲಾಮಗಿರಿಯ ಪರ ನಿಂತಿದ್ದ ದಕ್ಷಿಣ ರಾಜ್ಯಗಳ ಬಾವುಟವಿರುವ ಪ್ಲೇಟನ್ನು ಟೆಕ್ಸಾಸ್ ನಿರಾಕರಿಸಿದಾಗ, 2015ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ 5–4ರ ಬಹುಮತದಿಂದ ಸರ್ಕಾರದ ಪರ ನಿಂತಿತು. ಪ್ಲೇಟಿನ ಮೇಲಿನ ಮಾತು ಸರ್ಕಾರದ್ದೇ ಎಂಬುದು ಅದರ ತರ್ಕ. ಆದರೆ 2020ರಲ್ಲಿ ಕ್ಯಾಲಿಫೋರ್ನಿಯಾದ ಫೆಡರಲ್ ನ್ಯಾಯಾಲಯವೊಂದು, ‘ಸಭ್ಯತೆಗೆ ಒಪ್ಪುವುದಿಲ್ಲ’ ಎಂಬ ಕಾರಣಕ್ಕೆ ಪದ ತಿರಸ್ಕರಿಸುವ ನಿಯಮ ಅಭಿವ್ಯಕ್ತಿ ಸ್ವಾತಂತ್ರ್ಯಕ್ಕೆ ವಿರುದ್ಧ ಎಂದಿತು. 2025ರಲ್ಲಿ ಟೆನೆಸ್ಸಿ ರಾಜ್ಯದ ಸುಪ್ರೀಂ ಕೋರ್ಟ್ ಮತ್ತೆ ಸರ್ಕಾರದ ಪರ ತೀರ್ಪಿತ್ತಿತು. ವ್ಯಾಜ್ಯ ಇನ್ನೂ ಮುಗಿದಿಲ್ಲ.

ನಮ್ಮಲ್ಲಿ ಪದ ಆರಿಸದಿದ್ದರೂ ಒಮ್ಮೆ ಅಕ್ಷರವೇ ಸಂಕಟ ತಂದಿತು. ದೆಹಲಿಯಲ್ಲಿ ದ್ವಿಚಕ್ರ ವಾಹನಕ್ಕೆ ಎಸ್ ಅಕ್ಷರ ಬಳಸುತ್ತಾರೆ. ಸರಣಿ ಇ-ಎಕ್ಸ್‌ಗೆ ಬಂದಾಗ ಮೂರೂ ಅಕ್ಷರ ಕೂಡಿ ‘ಸೆಕ್ಸ್’ ಎಂದಾಯಿತು. ಹೊಸ ಸ್ಕೂಟಿಗೆ ಆ ನಂಬರು ಪಡೆದ ಯುವತಿ ರಸ್ತೆಗಿಳಿಯಲು ಮುಜುಗರಪಡುವಂತಾಯಿತು. 2021ರ ಡಿಸೆಂಬರಿನಲ್ಲಿ ದೆಹಲಿ ಮಹಿಳಾ ಆಯೋಗ ನೋಟಿಸ್ ಕೊಟ್ಟಿತು, ಸಾರಿಗೆ ಇಲಾಖೆ ಸರಣಿ ನಿಲ್ಲಿಸಿತು. ಅಕ್ಷರ ಕೊಡುವ ಅಧಿಕಾರ ಇರುವವರಿಗೆ ಜನರ ಮಾನ ಕಾಯುವ ಹೊಣೆಯೂ ಇರುತ್ತದೆ.

ನಿಯಮ ಏನನ್ನುತ್ತದೆ?

1989ರ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿ 50 ಮತ್ತು 51ನೆಯವು ಪ್ಲೇಟಿಗೆ ಸಂಬಂಧಿಸಿದವು. ಅಕ್ಷರ ಇಂಗ್ಲಿಷಿನಲ್ಲಿ, ಅಂಕಿ 1, 2, 3 ರೂಪದಲ್ಲೇ ಇರಬೇಕು. ಕಾರು, ಲಾರಿಗಳಲ್ಲಿ ಅಕ್ಷರದ ಎತ್ತರ 65 ಮಿ.ಮೀ., ದಪ್ಪ 10 ಮಿ.ಮೀ., ನಡುವಿನ ಅಂತರ 10 ಮಿ.ಮೀ. ಖಾಸಗಿ ವಾಹನಕ್ಕೆ ಬಿಳಿ ಪ್ಲೇಟು, ಬಾಡಿಗೆಯದಕ್ಕೆ ಹಳದಿ, ವಿದ್ಯುತ್ ವಾಹನಕ್ಕೆ ಹಸಿರು. ದೋಷವಿರುವ ಪ್ಲೇಟಿಗೆ ಕಾಯ್ದೆಯ 177ನೇ ಕಲಮಿನಲ್ಲಿ ಮೊದಲ ಸಲ 500 ರೂಪಾಯಿವರೆಗೆ, ಮತ್ತೆ ಸಿಕ್ಕಿಬಿದ್ದರೆ 1,500ರವರೆಗೆ ದಂಡ.

ಈ ನಿಯಮ ಬಡವರಿಗೆ ಮಾತ್ರವಲ್ಲ. ರಾಷ್ಟ್ರಪತಿ, ರಾಜ್ಯಪಾಲರ ಕಾರುಗಳಲ್ಲಿ ನಂಬರಿನ ಬದಲು ರಾಷ್ಟ್ರಲಾಂಛನ ಇರುತ್ತಿತ್ತು. ಅವುಗಳ ಮೇಲೂ ನೋಂದಣಿ ಸಂಖ್ಯೆ ಕಾಣಬೇಕೆಂದು 2018ರ ಜುಲೈಯಲ್ಲಿ ದೆಹಲಿ ಹೈಕೋರ್ಟ್ ಹೇಳಿತು.

ಕನ್ನಡ ಪ್ಲೇಟಿನ ವಿಷಯ ಬೇರೆ. ಅದರ ಹಿಂದಿರುವುದು ಒಣ ಜಂಬವಲ್ಲ, ಭಾಷೆಯ ಮೇಲಿನ ಪ್ರೀತಿ. ನಮ್ಮ ನೆಲದ ಗಾಡಿಯ ಗುರುತು ನಮ್ಮ ಲಿಪಿಯಲ್ಲೂ ಇರಲಿ ಎಂಬ ಬೇಡಿಕೆ ಸರಿಯಾದದ್ದೇ. ಆದರೆ ಅದು ಈಡೇರಬೇಕಾದರೆ ಕೇಂದ್ರದ ನಿಯಮ ತಿದ್ದುಪಡಿಯಾಗಬೇಕು. ಕೇಳಬೇಕಾದದ್ದು ಸಂಸದರನ್ನು. ಅಲ್ಲಿಯವರೆಗೆ ಕನ್ನಡವನ್ನು ಗಾಡಿಯ ಬಾಡಿಯ ಮೇಲೆ ಬರೆಸೋಣ, ಪ್ಲೇಟಿನ ಮೇಲಲ್ಲ.

ಓದಲು ಬರುವ ನಂಬರಿನ ಬೆಲೆ

ರಾತ್ರಿ ರಸ್ತೆ ದಾಟುತ್ತಿದ್ದ ರೈತನಿಗೆ ಗಾಡಿಯೊಂದು ಗುದ್ದಿ ಓಡಿಹೋಯಿತು ಎನ್ನಿ. ಗಾಡಿ ಯಾವುದೆಂದು ಗೊತ್ತಾಗದಿದ್ದರೆ, 2022ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಯೋಜನೆಯಡಿ ಸಾವಿಗೆ 2 ಲಕ್ಷ, ತೀವ್ರ ಗಾಯಕ್ಕೆ 50,000 ರೂಪಾಯಿ ಪರಿಹಾರ. ಗಾಡಿ ಪತ್ತೆಯಾದರೆ ಮೋಟಾರು ವಾಹನ ಕಾಯ್ದೆಯ 164ನೇ ಕಲಮಿನಲ್ಲಿ ಯಾರ ತಪ್ಪೆಂದು ಸಾಬೀತು ಮಾಡದೆಯೇ ಸಾವಿಗೆ 5 ಲಕ್ಷ, ತೀವ್ರ ಗಾಯಕ್ಕೆ 2.5 ಲಕ್ಷ. ತಪ್ಪು ಸಾಬೀತು ಮಾಡಿ ನ್ಯಾಯಮಂಡಳಿಯಲ್ಲಿ ಇನ್ನೂ ಹೆಚ್ಚು ಕೇಳಬಹುದು. ‘ಬಾಸ್’ ಎಂದು ಓದಿಸಿಕೊಂಡ 8055, ದಾರಿಯಲ್ಲಿ ನಿಂತು ನೋಡಿದವನಿಗೆ ನಂಬರಾಗಿ ನೆನಪಿರದಿದ್ದರೆ ಆ ಮನೆಯವರಿಗೆ ಲಕ್ಷಗಟ್ಟಲೆ ನಷ್ಟ.

ಗುರುತು ಸ್ಪಷ್ಟವಾಗಿರಬೇಕು ಎಂಬುದಕ್ಕೆ ಮಸ್ಕಿಯ ಬಂಡೆಯೇ ಸಾಕ್ಷಿ. ಅದುವರೆಗೆ ಸಿಕ್ಕ ಶಾಸನಗಳಲ್ಲಿ ‘ದೇವಾನಾಂಪ್ರಿಯ’ ಎಂಬ ಬಿರುದಿತ್ತು, ಆ ದೊರೆ ಯಾರೆಂದು ನೇರವಾಗಿ ಹೇಳಿರಲಿಲ್ಲ. 1915ರಲ್ಲಿ ಗಣಿ ಎಂಜಿನಿಯರ್ ಸಿ. ಬೀಡನ್ ಕಣ್ಣಿಗೆ ಬಿದ್ದ ಇಲ್ಲಿನ ಶಾಸನದಲ್ಲಿ ಅಶೋಕ ಎಂಬ ಹೆಸರೇ ಇತ್ತು. ಅಕ್ಷರ ಓದಲು ಬಂದದ್ದರಿಂದ ಆ ದೊರೆ ಯಾರೆಂಬುದು ಖಚಿತವಾಯಿತು. ಈಗಿನ ಎಚ್‌ಎಸ್‌ಆರ್‌ಪಿ ಎಂಬ ಹೆಚ್ಚಿನ ಭದ್ರತೆಯ ಪ್ಲೇಟಿನ ಮೇಲೂ ಅಶೋಕ ಚಕ್ರದ ಹೊಲೊಗ್ರಾಂ ಇದೆ. ಜೊತೆಗೆ ಲೇಸರಿನಲ್ಲಿ ಕೊರೆದ ಗುರುತಿನ ಸಂಖ್ಯೆಯಿದೆ, ಬಿಚ್ಚಿ ಮರುಬಳಸಲಾಗದ ಲಾಕ್ ಇದೆ. 2019ರ ಏಪ್ರಿಲ್ 1ಕ್ಕೆ ಮೊದಲು ನೋಂದಣಿಯಾದ ಗಾಡಿಗಳಿಗೂ ಇದನ್ನು ಕಡ್ಡಾಯ ಮಾಡಿ ರಾಜ್ಯ ಸರ್ಕಾರ 2023ರ ಆಗಸ್ಟಿನಲ್ಲಿ ಅಧಿಸೂಚನೆ ಹೊರಡಿಸಿತು.

ನಾಳೆ ಗಾಡಿ ತೆಗೆಯುವ ಮುನ್ನ ಹತ್ತು ಹೆಜ್ಜೆ ಹಿಂದೆ ಸರಿದು ನಿಮ್ಮ ಪ್ಲೇಟು ನೋಡಿ. ಪ್ಲೇಟಿನ ಮೇಲೆ ಏನಾದರೂ ಅಂಟಿಸಿದ್ದರೆ ಕಿತ್ತು ಹಾಕಿ, ಕೆಸರಿದ್ದರೆ ಒರೆಸಿ. ಟ್ರ್ಯಾಕ್ಟರ್ ಇದ್ದವರು ಟ್ರೇಲರಿನ ಹಿಂಬದಿಯನ್ನೂ ಮರೆಯಬೇಡಿ. ಆ ನಂಬರು ನಮ್ಮ ಗಾಡಿಯ ಮೇಲಿದ್ದರೂ ಇರುವುದು ರಸ್ತೆಯಲ್ಲಿರುವ ಇನ್ನೊಬ್ಬರಿಗಾಗಿ.