ಜೇಬಿನ ಚಾಕು ಎಷ್ಟುದ್ದವಿರಬೇಕು?

ಹೊಟ್ಟೆಪಾಡಿಗಾಗಿ ಪರಊರಿಗೆ ಬಂದು ನೆಲೆಸಿದ ನಮ್ಮ ಬಾಂಧವರು ಮೊದಲ ಕೆಲವು ಸಂಬಳಗಳಲ್ಲಿ ಕೊಳ್ಳುವ ವಸ್ತುಗಳಲ್ಲಿ ಮಡಚುವ ಚಾಕುವೂ ಒಂದು. ಅದಕ್ಕೆ ಹೆಚ್ಚಿನ ಬೆಲೆಯಿಲ್ಲ. ಆದುದರಿಂದ ಹೆಚ್ಚಿನ ವಿಚಾರವನ್ನೂ ಯಾರೂ ಮಾಡುವುದಿಲ್ಲ. ಬೀದಿಬದಿಯಲ್ಲಿ ಹರವಿಟ್ಟ ಸಾಮಾನುಗಳ ನಡುವೆ ಹೊಳೆದದ್ದನ್ನು ಎತ್ತಿಕೊಳ್ಳುವುದು, ಇಲ್ಲವೆ ಮೊಬೈಲಿನಲ್ಲಿ ಚಿತ್ರ ನೋಡಿ ತರಿಸಿಕೊಳ್ಳುವುದು, ಇಷ್ಟೇ ರೂಢಿ. ಅದೇ ಹಣಕ್ಕೆ ದೊಡ್ಡದು ಸಿಕ್ಕುವಾಗ ಸಣ್ಣದನ್ನೇಕೆ ಕೊಳ್ಳಬೇಕೆಂಬುದು ಸಾಮಾನ್ಯರ ಲೆಕ್ಕ. ಈ ಲೆಕ್ಕವು ಪಾತ್ರೆಪಗಡಗಳಿಗೆ ಸರಿಹೋದೀತು. ದಿನವೂ ಜೇಬಿನಲ್ಲಿಟ್ಟುಕೊಂಡು ತಿರುಗುವ ಚಾಕುವಿಗೆ ಸರಿಹೋಗದು. ಚಾಕುವಿನ ಉದ್ದವು ಮಿತಿ ಮೀರಿದಷ್ಟೂ ಅದರ ಉಪಯೋಗವು ಕಡಮೆಯಾಗಿ, ಅಪಾಯವು ಹೆಚ್ಚುತ್ತದೆ. ಅಪಾಯವೆಂದರೆ ಬೆರಳಿಗೆ ಮಾತ್ರವಲ್ಲ, ಕೆಲವೊಮ್ಮೆ ನೌಕರಿಗೂ ಕುತ್ತು ಬಂದೀತು. ಆದುದರಿಂದ ಈ ಸಣ್ಣ ವಸ್ತುವಿನ ಅಳತೆಯನ್ನು ಕುರಿತು ಸ್ವಲ್ಪ ವಿವರವಾಗಿಯೇ ಆಲೋಚಿಸುವುದು ಅನುಚಿತವಾಗಲಾರದು.

ಕೆಲಸಕ್ಕೆ ಬೇಕಾದುದೆಷ್ಟು?

ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ, ಚಾಕುವಿನಿಂದ ನಮಗೆ ದಿನವೂ ಆಗಬೇಕಾದ ಕೆಲಸ ಯಾವುದು ಎಂಬುದು. ಹೋಟೆಲಿನಲ್ಲಿ ದುಡಿಯುವವರಾದರೆ ಬೆಳಗಿನ ಜಾವ ಹಾಲಿನ ಪೊಟ್ಟಣಗಳ ಮೂಲೆ ಕತ್ತರಿಸಬೇಕು. ಬಾಳೆಲೆಯ ಕಟ್ಟಿನ ನಾರನ್ನು ಕೊಯ್ಯಬೇಕು. ಬೇಳೆಯ ಗೋಣಿಚೀಲದ ಬಾಯಿ ಬಿಚ್ಚಬೇಕು. ಗೋಣಿಚೀಲದ ಹೊಲಿಗೆಯನ್ನು ಬಲ್ಲವರಿಗೆ ಗೊತ್ತು: ಸರಿಯಾದ ತುದಿಯ ಒಂದೇ ಒಂದು ಕುಣಿಕೆಯನ್ನು ಕತ್ತರಿಸಿ ಎಳೆದರೆ ದಾರವೆಲ್ಲ ತಾನಾಗಿ ಬಿಚ್ಚಿಕೊಳ್ಳುವುದು. ಅಲ್ಲಿ ಬೇಕಾದುದು ಅಲಗಿನ ಮೊನೆಯೇ ಹೊರತು ಅದರ ಉದ್ದವಲ್ಲ. ಇನ್ನು ಕಚೇರಿಯ ಗುಮಾಸ್ತರಿಗಾದರೋ ಲಕೋಟೆ ಬಿಡಿಸುವುದು, ಪಾರ್ಸೆಲಿನ ಅಂಟುಪಟ್ಟಿ ಸೀಳುವುದು, ಪೆನ್ಸಿಲು ಚೂಪು ಮಾಡುವುದು, ಇವೇ ಕೆಲಸಗಳು. ಒಂದು ಅಂಗುಲದ ಅಲಗೂ ಇವಕ್ಕೆ ಸಾಕು.

ಉಳಿದದ್ದು ಹಣ್ಣು. ಊರಿಗೆ ಹೋಗುವಾಗ ರೈಲಿನಲ್ಲಿ ಮಾವಿನಹಣ್ಣನ್ನೋ ಸೇಬನ್ನೋ ಹೆಚ್ಚಬೇಕಾದರೆ ದೊಡ್ಡ ಚಾಕು ಬೇಡವೇ ಎಂದು ಕೇಳುವವರಿದ್ದಾರೆ. ಹಣ್ಣನ್ನು ಕೈಯಲ್ಲಿ ಹಿಡಿದು ಅಲಗಿನ ಸುತ್ತ ತಿರುಗಿಸುತ್ತ ಕೊಯ್ಯುವುದು ಕ್ರಮ. ಹಾಗೆ ಕೊಯ್ಯುವಾಗ ಅಲಗು ಹಣ್ಣಿನ ನಡುವನ್ನು ಮುಟ್ಟಿದರೆ ಸಾಕು, ಆಚೆಯ ಬದಿಗೆ ಹೊರಬರಬೇಕಾಗಿಲ್ಲ. ಹಿಡಿಗಾತ್ರದ ಸೇಬಿಗೆ ಎರಡೂವರೆ ಅಂಗುಲದ ಅಲಗು ಧಾರಾಳವಾಯಿತು. ಇದಕ್ಕಿಂತ ದೊಡ್ಡದಾದ ಹಲಸು, ಕುಂಬಳ, ತೆಂಗಿನಕಾಯಿಗಳಿಗೆ ಅಡುಗೆಮನೆಯ ಮೆಟ್ಟುಕತ್ತಿಯೂ ಮಚ್ಚೂ ಇವೆ. ಅವುಗಳ ಕೆಲಸವನ್ನು ಜೇಬಿನ ಚಾಕುವಿನಿಂದ ಮಾಡಿಸಹೊರಡುವುದೇ ತಪ್ಪು. ಗೋಣಿಯನ್ನು ಕೊಯ್ದ ಚಾಕುವಿನಿಂದ ಗಿರಾಕಿಗಳಿಗೆ ನಿಂಬೆಹಣ್ಣು ಹೆಚ್ಚುವುದು ಶುಚಿಯೂ ಅಲ್ಲ.

ಕೈಯ ಅಳತೆ, ನೋಟಿನ ಅಳತೆ

ಮಡಚುವ ಚಾಕುವಿನಲ್ಲಿ ಅಲಗು ಹಿಡಿಯೊಳಗೆ ಅಡಗಬೇಕಾದುದರಿಂದ ಹಿಡಿಯು ಯಾವಾಗಲೂ ಅಲಗಿಗಿಂತ ಉದ್ದವಾಗಿರುವುದು. ಹಿಡಿಗೆ ಅಳತೆ ನಮ್ಮ ಅಂಗೈ. ನಾಲ್ಕು ಬೆರಳುಗಳೂ ಅದರ ಮೇಲೆ ಕೂರಬೇಕು. ಪ್ರಾಯದ ಗಂಡಾಳಿನ ಅಂಗೈಯ ಅಗಲ ಸುಮಾರು 8ರಿಂದ 9 ಸೆಂಟಿಮೀಟರು. ಹಿಡಿಯು ಅಷ್ಟಿದ್ದರೆ ಸರಿ. ಅದಕ್ಕಿಂತ ಬಹಳ ಕಿರಿದಾದರೆ ಕಿರುಬೆರಳು ಜಾರಿ ಹಿಡಿತ ತಪ್ಪುವುದು. ಬಹಳ ಹಿರಿದಾದರೆ ಜೇಬಿನಲ್ಲಿ ಕೂರದು.

ಅಲಗಿಗೆ ಅಳತೆಗೋಲನ್ನು ಹುಡುಕುವ ಕಷ್ಟವಿಲ್ಲ, ಅದು ನಮ್ಮ ಜೇಬಿನಲ್ಲಿಯೇ ಇದೆ. ಈಗ ಚಲಾವಣೆಯಲ್ಲಿರುವ ನೇರಿಳೆ ಬಣ್ಣದ ನೂರು ರೂಪಾಯಿಯ ನೋಟಿನ ಅಗಲವು 66 ಮಿಲಿಮೀಟರು. ಹೊಸ ಮಾದರಿಯ ಐವತ್ತು, ಇನ್ನೂರು ಮತ್ತು ಐನೂರು ರೂಪಾಯಿಯ ನೋಟುಗಳ ಅಗಲವೂ ಅಷ್ಟೇ. ಅಲಗು ಈ ನೋಟಿನ ಅಗಲವನ್ನು ಮೀರದಿರಲಿ. ಅದು ಎರಡೂವರೆ ಅಂಗುಲಕ್ಕೆ ತುಸು ಹೆಚ್ಚು. ಐನೂರರ ನೋಟಿನ ಉದ್ದವು 150 ಮಿಲಿಮೀಟರು. ಪೂರ್ತಿ ತೆರೆದ ಚಾಕುವು ತುದಿಯಿಂದ ಬುಡದವರೆಗೆ ಸುಮಾರಾಗಿ ಅಷ್ಟಿದ್ದರೆ ಅಲಗೂ ಹಿಡಿಯೂ ಒಂದಕ್ಕೊಂದು ಹೊಂದಿಕೊಂಡಿವೆಯೆಂದು ತಿಳಿಯಬಹುದು. ಚಿತ್ರದಲ್ಲಿ ಎಲ್ಲ ಚಾಕುಗಳೂ ಒಂದೇ ಗಾತ್ರದವಾಗಿ ತೋರುವುದರಿಂದ, ಮೊಬೈಲಿನಲ್ಲಿ ತರಿಸಿಕೊಳ್ಳುವವರು ಚಿತ್ರವನ್ನು ನಂಬದೆ ಕೆಳಗೆ ಬರೆದಿರುವ ಅಂಕಿಗಳನ್ನು ಓದಬೇಕು. ಅಲ್ಲಿಯೂ ಬರೆದಿರುವುದು ಅಲಗಿನ ಉದ್ದವೋ, ಮಡಚಿದ ಉದ್ದವೋ, ತೆರೆದ ಉದ್ದವೋ ಎಂಬುದನ್ನು ಗಮನಿಸುವುದು ಅವಶ್ಯ.

ಹೆಸರಾಂತ ತಯಾರಕರ ಅನುಭವವೂ ಈ ಮಾತಿಗೆ ಪುಷ್ಟಿಕೊಡುತ್ತದೆ. ಫ್ರಾನ್ಸಿನ ಸವಾಯ್ ಪ್ರಾಂತದ ಜೋಸೆಫ್ ಒಪಿನೆಲ್ ಎಂಬಾತನು 1890ರ ಸುಮಾರಿಗೆ ಮರದ ಹಿಡಿಯ ಸರಳವಾದ ಚಾಕುವೊಂದನ್ನು ರೂಪಿಸಿ, 1897ರಲ್ಲಿ ಅದನ್ನು ಒಂದರಿಂದ ಹನ್ನೆರಡರವರೆಗಿನ ಹನ್ನೆರಡು ಅಳತೆಗಳಲ್ಲಿ ಹೊರತಂದನು. ಒಂದನೆಯ ನಂಬರಿನ ಅಲಗು 2 ಸೆಂಟಿಮೀಟರು, ಹನ್ನೆರಡನೆಯದು 12. ಇವುಗಳಲ್ಲಿ ಅತ್ಯಂತ ಚಿಕ್ಕದಾದ ಒಂದನೆಯದೂ, ದೊಡ್ಡವುಗಳಲ್ಲೊಂದಾದ ಹನ್ನೊಂದನೆಯದೂ ಮುಂದೆ ಕೈಬಿಡಲ್ಪಟ್ಟವು. ನಡುವಿನವು ಜನರ ಕೈಯಲ್ಲಿ ನಿಂತವು. ಎಂಟನೆಯ ನಂಬರಿಗೆ 8.5 ಸೆಂಟಿಮೀಟರಿನ ಅಲಗು, ಆರನೆಯದಕ್ಕೆ ಸುಮಾರು 7. ನಮ್ಮ ಪಟ್ಟಣವಾಸದ ಕೆಲಸಗಳಿಗೆ ಆರನೆಯದರ ಆಸುಪಾಸಿನ ಅಳತೆಯೇ ಯೋಗ್ಯ.

ಸ್ವಿಟ್ಜರ್ಲೆಂಡಿನ ಕಥೆ ಇನ್ನೂ ಬೋಧಪ್ರದವಾದುದು. ಕಾರ್ಲ್ ಎಲ್ಸೆನರ್ ಎಂಬ ಕುಶಲಕರ್ಮಿಯು 1891ರಲ್ಲಿ ಆ ದೇಶದ ಸೈನ್ಯಕ್ಕೆ ಚಾಕುಗಳನ್ನು ಒದಗಿಸತೊಡಗಿದನು. ಸೈನ್ಯದ ಚಾಕುವೆಂದೊಡನೆ ಭಯಂಕರವಾದ ಆಯುಧವೊಂದು ಕಣ್ಣಿಗೆ ಕಟ್ಟೀತು. ವಾಸ್ತವವಾಗಿ ಸೈನಿಕನಿಗೆ ಅದು ಬೇಕಾದದ್ದು ಆಹಾರದ ಡಬ್ಬಿ ತೆರೆಯುವುದಕ್ಕೆ ಮತ್ತು ಬಂದೂಕಿನ ತಿರುಪುಗಳನ್ನು ಬಿಚ್ಚುವುದಕ್ಕೆ! ಕಾದಾಟಕ್ಕೆ ಬಂದೂಕಿರುವಾತನೂ ಜೇಬಿನ ಚಾಕುವನ್ನು ಉಪಕರಣವೆಂದೇ ಬಗೆದನು. ಆ ಸಂಸ್ಥೆಯ ವಿಕ್ಟೊರಿನಾಕ್ಸ್ ಚಾಕುಗಳಲ್ಲಿ ಇಂದು ಬಹಳ ಬಳಕೆಯಲ್ಲಿರುವ ಮಡಚಿದ ಅಳತೆಗಳು 58, 84 ಮತ್ತು 91 ಮಿಲಿಮೀಟರುಗಳು. ಬೀಗದ ಕೈಗಳೊಡನೆ ತೂಗುವ 58ರದು ಗುಮಾಸ್ತರಿಗೆ ಸಾಕು. ಅಂಗೈ ತುಂಬುವ 84ರದು ಹೋಟೆಲಿನ ಕೆಲಸಕ್ಕೂ ಸರಿಹೋಗುವುದು. ಇದೇ ಹೆಸರಿನವನ್ನೇ ಕೊಳ್ಳಬೇಕೆಂದು ನಾವು ಹೇಳುತ್ತಿಲ್ಲ. ಅಳತೆ ಸರಿಯಾಗಿದ್ದು ಅಲಗು ಅಲ್ಲಾಡದಿದ್ದರೆ ಊರಿನ ಕಮ್ಮಾರನು ಮಾಡಿದ ಚಾಕುವೂ ಒಳ್ಳೆಯದೇ.

ಬೆರಳಿನ ಚಿಂತೆ

ಅಗ್ಗದ ಮಡಚುಚಾಕುಗಳಲ್ಲಿ ಅಲಗನ್ನು ತೆರೆದಂತೆ ನಿಲ್ಲಿಸುವುದು ಹಿಡಿಯ ಬೆನ್ನಿನಲ್ಲಿರುವ ಉಕ್ಕಿನ ಕಮಾನು ಮಾತ್ರ. ಅಲಗಿನ ಬೆನ್ನಿಗೆ ಒತ್ತಡ ಬಿದ್ದರೆ ಅದು ಮಡಚಿಕೊಂಡು ಬೆರಳುಗಳ ಮೇಲೆಯೇ ಇಳಿಯುವುದು. ಅಲಗು ಉದ್ದವಾದಷ್ಟೂ ತುದಿಯ ಸಣ್ಣ ಒತ್ತಡಕ್ಕೆ ಬುಡದಲ್ಲಿ ಬಲವು ಹೆಚ್ಚುವುದು. ಸನ್ನೆಗೋಲಿನ ತತ್ತ್ವವೇ ಇದು. ಕಚೇರಿಯಲ್ಲಿ ಬೆರಳು ಕುಯ್ದುಕೊಂಡರೆ ಪಟ್ಟಿ ಕಟ್ಟಿಕೊಂಡು ಬರೆಯಬಹುದು. ಆದರೆ ಉಪ್ಪು, ಹುಳಿ, ಬಿಸಿನೀರುಗಳ ನಡುವೆ ದಿನವಿಡೀ ಕೈಯಾಡಿಸಬೇಕಾದ ಮಾಣಿಗೂ ಅಡುಗೆಯವನಿಗೂ ಕುಯ್ದ ಬೆರಳೆಂದರೆ ಹೋದ ಕೂಲಿಯೆಂದೇ ಅರ್ಥ. ಬಿರುಸಾದ ಕೆಲಸಕ್ಕೆ ಬಳಸುವವರು, ತೆರೆದ ಮೇಲೆ ಬಿಗಿದು ನಿಲ್ಲುವ ಬಂಧವಿರುವ ಚಾಕುವನ್ನು ಆರಿಸಿಕೊಳ್ಳುವುದು ಲೇಸು. ಬೇಯುವ ಕೊಪ್ಪರಿಗೆಯ ಮೇಲೆ ಬಾಗಿದಾಗ ಅಂಗಿಯ ಮೇಲ್ಜೇಬಿನ ವಸ್ತುಗಳು ಅದರೊಳಗೆ ಬೀಳುವ ಸಂಭವವಿರುವುದರಿಂದ, ಅಡುಗೆಮನೆಯಲ್ಲಿರುವವರು ಚಾಕುವನ್ನು ಎಂದೂ ಮೇಲ್ಜೇಬಿನಲ್ಲಿಡಬಾರದು.

ಕಾಯಿದೆಯ ಕಣ್ಣಿನಲ್ಲಿ

ಇನ್ನು ಎಲ್ಲಕ್ಕಿಂತ ಮುಖ್ಯವಾದ ಮಾತು. ಹೋಟೆಲು ಮುಚ್ಚಿ, ಪಾತ್ರೆ ತೊಳೆದು, ನಡುರಾತ್ರಿಯಲ್ಲಿ ಕೋಣೆಗೆ ಮರಳುವ ನಮ್ಮ ಹುಡುಗರನ್ನು ಗಸ್ತಿನ ಪೊಲೀಸರು ನಿಲ್ಲಿಸಿ ಕೇಳುವುದು ಹೊಸತೇನಲ್ಲ. ಆ ಊರಿನ ಭಾಷೆ ಇನ್ನೂ ಸರಿಯಾಗಿ ಬಾರದ ಹುಡುಗನ ಜೇಬಿನಿಂದ ಗೇಣುದ್ದದ ಚಾಕು ಹೊರಬಂದರೆ, ಅದು ಬಾಳೆಲೆಯ ಕಟ್ಟು ಕೊಯ್ಯುವುದಕ್ಕೆಂದು ಅವನು ನಂಬಿಸುವುದು ಹೇಗೆ? ಎರಡೂವರೆ ಅಂಗುಲದ, ಹಣ್ಣಿನ ಕಲೆ ಹತ್ತಿದ ಚಾಕುವಾದರೋ ತನ್ನ ಕಥೆಯನ್ನು ತಾನೇ ಹೇಳೀತು.

1959ರ ಆಯುಧ ಕಾಯಿದೆಯನ್ನು ಅನುಸರಿಸಿದ ನಿಯಮಗಳು, ಅಲಗು 9 ಅಂಗುಲಕ್ಕಿಂತ ಉದ್ದವಾಗಿ ಇಲ್ಲವೆ 2 ಅಂಗುಲಕ್ಕಿಂತ ಅಗಲವಾಗಿರುವ ಚಾಕುಗಳನ್ನು ಆಯುಧಗಳ ವರ್ಗದಲ್ಲಿ ಸೇರಿಸಿವೆ. ಮನೆಗೆಲಸ, ಬೇಸಾಯ, ಕೈಗಾರಿಕೆಗಳಿಗಾಗಿ ಮಾಡಿದವನ್ನು ಹೊರತುಪಡಿಸಿವೆ. ಹಾಗಾದರೆ 8 ಅಂಗುಲದವರೆಗೆ ಭಯವಿಲ್ಲವೆಂದು ತಿಳಿಯಬಾರದು. ದಿಲ್ಲಿಯಲ್ಲಿ 1980ರ ಅಧಿಸೂಚನೆಯೊಂದು 7.62 ಸೆಂಟಿಮೀಟರು, ಎಂದರೆ 3 ಅಂಗುಲ ಉದ್ದ ಮತ್ತು 1.72 ಸೆಂಟಿಮೀಟರು ಅಗಲದ ಅಲಗನ್ನೇ ಗಡಿಯಾಗಿರಿಸಿ, ಅದನ್ನು ಮುಟ್ಟುವ ಇಲ್ಲವೆ ಮೀರುವ ಚಾಕುಗಳನ್ನು ಕಾಯಿದೆಯ ಹಿಡಿತಕ್ಕೆ ತಂದಿತು. ಈ ಅಧಿಸೂಚನೆಯು ಮಾರಾಟ ಮುಂತಾದ ಉದ್ದೇಶಗಳಿಗಾಗಿ ಇರಿಸಿಕೊಂಡ ಚಾಕುಗಳಿಗೆ ಸಂಬಂಧಿಸಿದ್ದೇ ಹೊರತು, ಜೇಬಿನಲ್ಲಿ ಚಾಕು ಸಿಕ್ಕಿತೆಂಬ ಮಾತ್ರಕ್ಕೆ ಅಪರಾಧವಾಗದೆಂದು ಸರ್ವೋಚ್ಚ ನ್ಯಾಯಾಲಯವು 2024ರಲ್ಲಿ ತೀರ್ಪಿತ್ತಿದೆ. ಸಂತೋಷದ ಸಂಗತಿಯೇ ಸರಿ. ಆದರೆ ಕೊನೆಗೆ ಬಿಡುಗಡೆ ಸಿಕ್ಕಿದರೇನು, ಅದುವರೆಗೆ ನ್ಯಾಯಾಲಯದ ಮೆಟ್ಟಿಲು ಹತ್ತಿಳಿದ ದಿನಗಳ ಸಂಬಳವನ್ನು ಯಾರು ಕೊಡುವರು?

ಮುಂಬಯಿ, ಪುಣೆಗಳಲ್ಲಿ 1951ರ ಪೊಲೀಸ್ ಕಾಯಿದೆಯ 37ನೆಯ ಕಲಮಿನಂತೆ, ಶಾಂತಿಪಾಲನೆಗಾಗಿ ನಿರ್ದಿಷ್ಟ ಅವಧಿಯವರೆಗೆ ಆಯುಧಗಳನ್ನು ಒಯ್ಯಕೂಡದೆಂದು ಪೊಲೀಸ್ ಕಮಿಷನರರು ಆಜ್ಞೆ ಹೊರಡಿಸಬಹುದು. ದೊಣ್ಣೆ, ಕತ್ತಿಗಳೊಡನೆ ಚಾಕುವಿನ ಹೆಸರೂ ಆ ಕಲಮಿನಲ್ಲಿದೆ. ಇಂತಹ ದಿನಗಳಲ್ಲಿ ಚಾಕು ಎಷ್ಟೇ ಚಿಕ್ಕದಿರಲಿ, ಕೋಣೆಯಲ್ಲಿಯೇ ಬಿಟ್ಟುಹೋಗುವುದು ಜಾಣತನ. ಮೆರವಣಿಗೆ, ಸಭೆ, ಮತದಾನದ ಸ್ಥಳ, ನ್ಯಾಯಾಲಯಗಳಿಗೆ ಹೋಗುವಾಗಲೂ ಇದೇ ನಿಯಮವನ್ನಿಟ್ಟುಕೊಳ್ಳುವುದು ಒಳ್ಳೆಯದು. ವಿಮಾನದಲ್ಲಿ ಹೋಗುವವರು ಅದನ್ನು ಕೈಚೀಲದಲ್ಲಿಡದೆ, ವಿಮಾನ ಸಂಸ್ಥೆಗೆ ಒಪ್ಪಿಸುವ ಪೆಟ್ಟಿಗೆಯಲ್ಲಿಡಬೇಕು.

ಗುಂಡಿ ಒತ್ತಿದೊಡನೆ ಚಟ್ಟನೆ ಹೊರನೆಗೆಯುವ ಚಾಕುಗಳ ಮೋಹವನ್ನು ಪೂರ್ಣವಾಗಿ ತೊರೆಯಬೇಕು. ಹಿಂದೀ ಚಲಚ್ಚಿತ್ರಗಳ ಖಳರು ಝಳಪಿಸುತ್ತಿದ್ದ, ಉತ್ತರ ಪ್ರದೇಶದ ರಾಮಪುರದ ಹೆಸರಿನ ನೀಳ ಚಾಕುವಿನ ನೆನಪು ಇಂದಿಗೂ ಜನಮನದಿಂದ ಮಾಸಿಲ್ಲ. ಅದರ ಹೋಲಿಕೆಯಿದ್ದರೂ ಸಾಕು, ನೋಡಿದವರು ಉಪಕರಣವೆನ್ನುವುದಿಲ್ಲ. ಆತ್ಮರಕ್ಷಣೆಗಾಗಿ ದೊಡ್ಡ ಚಾಕು ಇರಲೆಂಬ ವಾದವೂ ನಮಗೆ ಒಪ್ಪಿಗೆಯಿಲ್ಲ. ಚಾಕು ತೆರೆದೊಡನೆ ಬಾಯಿಜಗಳವು ರಕ್ತಪಾತವಾಗುವುದು. ಪರಊರಿನಲ್ಲಿ ಅದರ ಫಲವನ್ನು ಉಣ್ಣಬೇಕಾದವನು ದಿಕ್ಕಿಲ್ಲದ ಬಡವನೇ.

ಆರೈಕೆ

ಚಿಕ್ಕ ಚಾಕುವಿಗೆ ಆರೈಕೆಯೂ ಅಲ್ಪವೇ. ತುಕ್ಕು ಹಿಡಿಯದ ಉಕ್ಕು 1913ರಲ್ಲಿ ಇಂಗ್ಲೆಂಡಿನ ಶೆಫೀಲ್ಡಿನಲ್ಲಿ ಹ್ಯಾರಿ ಬ್ರಿಯರ್ಲಿಯ ಪ್ರಯೋಗಗಳಿಂದ ಬಳಕೆಗೆ ಬಂದಿತು. ಹುಳಿಹಣ್ಣು ಮುಟ್ಟುವವರಿಗೆ ಅದೇ ಅನುಕೂಲ. ಹಳೆಯ ಬಗೆಯ ಇಂಗಾಲದ ಉಕ್ಕು ಬೇಗ ಹರಿತವಾಗುವುದಾದರೂ ನಿಂಬೆಯ ರಸ ತಾಗಿದರೆ ಕಪ್ಪಾಗುವುದು. ಅದನ್ನು ಆಗಿಂದಾಗ್ಗೆ ತೊಳೆದು, ಒರೆಸಿ, ಒಂದು ಹನಿ ಕೊಬ್ಬರಿ ಎಣ್ಣೆ ಸವರಿಡಬೇಕು. ಸೈಕಲ್ಲಿನ ಮೇಲೆ ಚಕ್ರ ತಿರುಗಿಸುತ್ತ ಬರುವ ಸಾಣೆಯವನಿಗೆ ಅಡುಗೆಯ ಕತ್ತಿಗಳನ್ನು ಕೊಡಬಹುದು, ಜೇಬಿನ ಚಾಕುವನ್ನು ಕೊಡಬಾರದು. ಚಕ್ರದ ಸಾಣೆ ಕಿರಿದಾದ ಅಲಗನ್ನು ಬಹುಬೇಗ ಸವೆಸಿಬಿಡುವುದು. ನೀರು ಚಿಮುಕಿಸಿದ ನುಣುಪಾದ ಸಾಣೆಕಲ್ಲಿನ ಮೇಲೆ ಎರಡೂ ಮಗ್ಗುಲು ಸಮವಾಗಿ ನಾವೇ ನಾಲ್ಕಾರು ಸಲ ಉಜ್ಜಿದರೆ ಸಾಕು. ಮೊಂಡು ಚಾಕುವಿಗಿಂತ ಹರಿತವಾದ ಚಾಕುವಿನಿಂದ ಗಾಯವಾಗುವುದು ಕಡಮೆ. ಏಕೆಂದರೆ ಅದನ್ನು ಬಲವಾಗಿ ಒತ್ತಬೇಕಾಗಿಲ್ಲ.

ಕೊಳ್ಳುವ ಮುನ್ನ ಅಂಗಡಿಯಲ್ಲಿಯೇ ಮೂರು ಪರೀಕ್ಷೆಗಳನ್ನು ಮಾಡಿರಿ. ಅಲಗನ್ನು ನೂರರ ನೋಟಿನ ಅಗಲಕ್ಕೆ ಹಿಡಿದು ನೋಡಿರಿ. ಹಿಡಿಯನ್ನು ಅಂಗೈಯಲ್ಲಿ ಕೂರಿಸಿ ನಾಲ್ಕು ಬೆರಳಿಗೂ ಸ್ಥಳವಿದೆಯೇ ಎಂದು ನೋಡಿರಿ. ಕೊನೆಗೆ ಅದನ್ನು ಮಡಚಿ ಜೇಬಿನಲ್ಲಿಟ್ಟು ಕುಕ್ಕುರುಗಾಲಿನಲ್ಲಿ ಕುಳಿತೇಳಿರಿ. ಅದು ಚುಚ್ಚದೆ, ಬೀಳದೆ, ತಾನಿರುವುದನ್ನೇ ಮರೆಸುವಂತಿದ್ದರೆ ಆ ಚಾಕು ನಿಮ್ಮದೆಂದು ತಿಳಿಯಿರಿ. ಬೇಕೆಂದಾಗ ಕೈಗೆ ದೊರೆತು, ಬೇಡದಾಗ ಯಾರ ಕಣ್ಣಿಗೂ ಬೀಳದಿರುವ ಚಾಕುವೇ ದುಡಿಯುವವನ ಜೇಬಿಗೆ ತಕ್ಕುದು.